ಮನೆಯ ಮಾಡು, ಮನೆಯ ಕ್ರಯ

ಒಬ್ಬರು ಕಟ್ಟಿಸಿದ ಮನೆ ಕೆಲವು ವರ್ಷಗಳ ಬಳಕೆಯ ನಂತರ ಇನ್ನೊಬ್ಬರ ಕೈಸೇರುವಾಗ ಅದಕ್ಕೆ ದೊರೆಯುವ ಹಣವನ್ನು ಮರುಮಾರಾಟದ ಬೆಲೆ ಎಂದು ಕರೆಯಲಾಗುತ್ತದೆ. ಹೊಸ ಮನೆಯ ಬೆಲೆಯನ್ನು ನಿವೇಶನದ ದರ, ಸಾಮಗ್ರಿಯ ದರ, ಕೂಲಿ ಇವುಗಳನ್ನು ಕೂಡಿಸಿ ಹೆಚ್ಚುಕಡಿಮೆ ನಿಖರವಾಗಿ ಹೇಳಬಹುದು. ಹಳೆಯ ಮನೆಯ ಬೆಲೆ ಅಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಕೊಳ್ಳುವವರ ಅನುಮಾನವೂ ಒಂದು ಬಾಬ್ತಾಗಿ ಸೇರಿರುತ್ತದೆ. ಗೋಡೆಯನ್ನು ಮುಟ್ಟಿ ನೋಡಬಹುದು. ನೆಲದ ಮೇಲೆ ನಡೆದು ನೋಡಬಹುದು. ನಲ್ಲಿಯನ್ನು ತಿರುಗಿಸಿ ನೋಡಬಹುದು. ಚಾವಣಿಯನ್ನು ಮಾತ್ರ ಮಳೆಯೇ ಪರೀಕ್ಷಿಸಬೇಕು, ಮತ್ತು ಮಳೆ ಮನೆ ನೋಡಲು ಬಂದವರ ಅನುಕೂಲಕ್ಕೆ ತಕ್ಕಂತೆ ಸುರಿಯುವುದಿಲ್ಲ.

ಚಾವಣಿ ಎಂಬ ಮಾತನ್ನು ಇಲ್ಲಿ ವಿಶಾಲವಾದ ಅರ್ಥದಲ್ಲಿ ಬಳಸಲಾಗಿದೆ. ಕರಾವಳಿಯವರು ಮಾಡು ಎನ್ನುವ ಇಳಿಜಾರಿನ ಹೆಂಚಿನ ಹೊದಿಕೆ, ಬಯಲುಸೀಮೆಯವರು ಮಾಳಿಗೆ ಎನ್ನುವ ಮಣ್ಣಿನ ಹೊದಿಕೆ, ಪಟ್ಟಣದವರು ತಾರಸಿ ಎನ್ನುವ ಕಾಂಕ್ರೀಟಿನ ಹಾಸು, ಈ ಮೂರೂ ಅದರೊಳಗೆ ಬರುತ್ತವೆ. ಇವುಗಳ ಆರೈಕೆಗೂ ಮನೆಯ ಕ್ರಯಕ್ಕೂ ಇರುವ ಸಂಬಂಧದ ಬಗ್ಗೆ ಈ ಭಾಷಣದಲ್ಲಿ ಪ್ರತಿಪಾದಿಸುವುದು ಒಂದೇ ಸಂಗತಿ: ಚಾವಣಿಯ ಆರೈಕೆಯಿಂದ ಮನೆಯ ಬೆಲೆ ಏರುವುದು ಅಪರೂಪ, ಅದರಿಂದ ಆಗುವ ಉಪಕಾರವೆಂದರೆ ಬೆಲೆ ಇಳಿಯದೆ ಉಳಿಯುವುದು. ಸೋರದಿರುವುದು ಮನೆಯ ಸಹಜ ಗುಣವೆಂದೇ ಎಲ್ಲರೂ ಭಾವಿಸುವುದರಿಂದ ಸೋರದ ಮನೆಗೆ ಯಾರೂ ಹೆಚ್ಚು ಹಣ ಕೊಡುವುದಿಲ್ಲ. ಸೋರುವ ಮನೆಗಾದರೋ ಎಲ್ಲರೂ ಕಡಿಮೆ ಕೊಡುತ್ತಾರೆ. ಈ ಏರುಪೇರನ್ನು ಅರಿಯದ ಮಾಲೀಕರು ಮಾರುವ ವರ್ಷ ಅಡುಗೆಮನೆಗೆ ಹೊಸ ಕಪಾಟು ಹಾಕಿಸಿ, ತಲೆಯ ಮೇಲಿನ ಬಿರುಕನ್ನು ಹಾಗೆಯೇ ಬಿಡುತ್ತಾರೆ.

ಚಾವಣಿ ಹೇಗೆ ಹಾಳಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಏಕೆಂದರೆ ಬೆಲೆ ಇಳಿಯುವ ಬಗೆ ಹಾಳಾಗುವ ಬಗೆಯನ್ನೇ ಅನುಸರಿಸುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಮುಳಿಹುಲ್ಲು, ಅಡಕೆಯ ಸೋಗೆ ಮತ್ತು ಕುಂಬಾರರು ಮಾಡುತ್ತಿದ್ದ ನಾಡಹೆಂಚು ಬಹುಕಾಲ ಬಳಕೆಯಲ್ಲಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ನಡೆಸತೊಡಗಿದ ಮೇಲೆ ಮಂಗಳೂರು ಹೆಂಚು ಎಂಬ ಹೆಸರಿನಲ್ಲಿ ಒಂದು ಹೊಸ ಹೊದಿಕೆ ದೇಶದಾದ್ಯಂತ ಹರಡಿತು. ಅದರ ಮೂಲ ವಿನ್ಯಾಸ ಫ್ರಾನ್ಸ್ ದೇಶದ ಅಲ್ಸಾಸ್ ಪ್ರಾಂತದ ಜಿಲಾರ್ಡೋನಿ ಸಹೋದರರದು. ಅವರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ಈ ಹೆಂಚಿನ ಅಂಚುಗಳಲ್ಲಿ ಏಣು ಮತ್ತು ಕಾಲುವೆಗಳಿರುವುದರಿಂದ ಒಂದು ಹೆಂಚು ಪಕ್ಕದ ಹೆಂಚಿಗೆ ಕೊಂಡಿಯಂತೆ ಕೂಡಿಕೊಳ್ಳುತ್ತದೆ, ಮತ್ತು ಕೆಳಗಿನ ಗುಬುಟು ರೀಪಿಗೆ, ಅಂದರೆ ಪಕಾಸು ಎಂಬ ಇಳಿಜಾರಿನ ಮರಗಳ ಮೇಲೆ ಅಡ್ಡಲಾಗಿ ಬಡಿದ ತೆಳುಪಟ್ಟಿಗೆ, ತಗುಲಿಕೊಂಡು ನಿಲ್ಲುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಡೆದ ಒಂದು ಹೆಂಚನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ತೂರಿಸಿದರೆ ಕೆಲಸ ಮುಗಿಯಿತು.

ದುರಸ್ತಿ ಇಷ್ಟು ಸುಲಭವಾಗಿರುವುದೇ ಹೆಂಚಿನ ಮಾಡಿನ ಬಲ, ಅದೇ ಅದರ ದೌರ್ಬಲ್ಯವೂ ಹೌದು, ಏಕೆಂದರೆ ಸುಲಭವಾದ ಕೆಲಸವನ್ನು ಮುಂದೂಡುವುದೂ ಸುಲಭ. ಮಂಗ ನೆಗೆದು ಒಂದು ಹೆಂಚು ಜರುಗುತ್ತದೆ. ತೆಂಗಿನಕಾಯಿ ಬಿದ್ದು ಇನ್ನೊಂದು ಸೀಳುತ್ತದೆ. ಎರಡು ಇಳಿಜಾರುಗಳು ಕೂಡುವ ಒಳಮೂಲೆಯ ತಗಡಿನ ದೋಣಿಯಲ್ಲಿ ಎಲೆ ತುಂಬಿ ನೀರು ಹಿಂದಕ್ಕೆ ಹರಿಯುತ್ತದೆ. ಆ ನೀರು ನೆಲಕ್ಕೆ ತೊಟ್ಟಿಕ್ಕಿದರೆ ಮನೆಯವರಿಗೆ ಗೊತ್ತಾಗುತ್ತದೆ, ಪಾತ್ರೆಯನ್ನಾದರೂ ಇಡುತ್ತಾರೆ. ಹನಿ ತೊಟ್ಟಿಕ್ಕದೆ ಪಕಾಸಿನ ಮೈಯಲ್ಲೇ ಜಿನುಗಿ ಗೋಡೆಯ ಮೇಲಿನ ಅಡ್ಡತೊಲೆಗೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒದ್ದೆಯಾದ ಮರ ಮೆದುವಾಗುತ್ತದೆ, ಮೆದುವಾದ ಮರಕ್ಕೆ ಗೆದ್ದಲು ಹತ್ತುತ್ತದೆ, ಕೆಲವು ಮಳೆಗಾಲಗಳಲ್ಲಿ ಮಾಡಿನ ನೆತ್ತಿ ನಡುವೆ ಕುಸಿದು ದೂರದಿಂದಲೇ ಜೋತ ಹಗ್ಗದಂತೆ ಕಾಣುತ್ತದೆ. ಆ ಬಾಗನ್ನು ಕಂಡ ಕೂಡಲೇ ತಿಳಿದ ಗಿರಾಕಿ ಬೆಲೆಯನ್ನು ಮನಸ್ಸಿನಲ್ಲೇ ಕಡಿದಿರುತ್ತಾನೆ. ಮಾತು ಶುರುವಾಗುವುದು ಆಮೇಲೆ. ಕರಾವಳಿಯಲ್ಲಿ ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಎಂಬ ಆಚರಣೆಯ ದಿನ ಬರುವ ಹೊತ್ತಿಗೆ ಮಾಡಿನ ಮೇಲೆ ಹತ್ತಿ ಹೆಂಚು ಕೈಯಾಡಿಸಿ, ಹಾವಸೆ ಕೆರೆದು, ದೋಣಿ ಬಾಚುವ ರೂಢಿ ಹುಟ್ಟಿದ್ದು ಈ ಅನುಭವದಿಂದಲೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿನಲ್ಲಿ ಹೊಸ ಮನೆಯಾದರೂ ಒಂದೆರಡು ವರ್ಷ ಮೈಮರೆತರೆ ಹಳೆಯ ಮನೆಯಾಗಿಬಿಡುತ್ತದೆ.

ಬಯಲುಸೀಮೆಯ ಮಾಳಿಗೆಯ ಮನೆಯ ಕಥೆ ಬೇರೆ. ಅಲ್ಲಿ ತೊಲೆ ಜಂತೆಗಳ ಮೇಲೆ ಹಲಗೆ ಅಥವಾ ಕಡ್ಡಿ ಹಾಸಿ, ಮೇಲೆ ದಪ್ಪನಾದ ಮಣ್ಣು ಬಡಿದಿರುತ್ತಾರೆ. ಮೇಲ್ಪದರಕ್ಕೆ ಚೌಳು ಮಣ್ಣು ಬಳಸುವುದು ವಾಡಿಕೆ. ಚೌಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಒಡೆದು, ಅವು ನೆನೆದಾಗ ಮಣ್ಣಿನ ಸಣ್ಣ ರಂಧ್ರಗಳಿಗೆ ಇಳಿದು ಮುಚ್ಚುವಂತೆ ಮಾಡುವುದರಿಂದ ನೀರು ಒಳಗಿಳಿಯದೆ ಹರಿದು ಹೋಗುತ್ತದೆ. ಹೊಲದಲ್ಲಿ ಬೆಳೆಗೆ ಶತ್ರುವಾದ ಮಣ್ಣು ಮನೆಯ ಮೇಲೆ ಮಿತ್ರನಾಗುವ ವಿಚಿತ್ರವಿದು. ಆದರೆ ಈ ಪದರವನ್ನು ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ತೀಡಬೇಕು, ಹುಲ್ಲು ಬೇರುಬಿಡದಂತೆ ಕೀಳಬೇಕು. ಶಿಶುನಾಳ ಷರೀಫರು ಸೋರುವ ಮಾಳಿಗೆಯನ್ನು ಅಜ್ಞಾನದ ರೂಪಕವಾಗಿ ಬಳಸಿದಾಗ ಅದು ಕೇಳುವವರಿಗೆ ಥಟ್ಟನೆ ಅರ್ಥವಾದದ್ದು ಅವರೆಲ್ಲರ ಮನೆಗಳ ಮೇಲೂ ಈ ಮಣ್ಣೇ ಇದ್ದುದರಿಂದ. ಇಂದು ಮಾಳಿಗೆ ತೀಡಬಲ್ಲ ಕೈಗಳು ಕಡಿಮೆಯಾಗಿವೆ. ಹಾಗಾಗಿ ಆ ಮನೆಗಳು ಮಾರಾಟಕ್ಕೆ ಬಂದಾಗ ಕೊಳ್ಳುವವರು ಜಾಗಕ್ಕೆ ಬೆಲೆ ಕಟ್ಟಿ, ಮನೆಯನ್ನು ಕೆಡವುವ ಖರ್ಚನ್ನು ಅದರಲ್ಲಿ ಕಳೆಯುತ್ತಾರೆ.

ಹೆಂಚು ಮತ್ತು ಮಣ್ಣು ವರ್ಷವರ್ಷವೂ ಕೈ ಬೇಡುತ್ತವೆ ಎಂಬುದು ಈವರೆಗಿನ ಮಾತಿನ ತಿರುಳು. ಕಾಂಕ್ರೀಟಿನ ತಾರಸಿ ಬಂದಾಗ ಜನ ಅದನ್ನು ಮೆಚ್ಚಿದ್ದಕ್ಕೆ ಮುಖ್ಯ ಕಾರಣ, ಇನ್ನು ಮೇಲೆ ಹತ್ತುವ ಗೋಜಿಲ್ಲ ಎಂಬ ನಂಬಿಕೆ. ಆ ನಂಬಿಕೆ ಮರುಮಾರಾಟದ ಹೊತ್ತಿಗೆ ಬಹಳ ದುಬಾರಿಯಾಗಿ ಪರಿಣಮಿಸಿದೆ.

ಕಾಂಕ್ರೀಟಿನ ಒಳಗೆ ಉಕ್ಕಿನ ಕಂಬಿಗಳಿರುತ್ತವೆ. ಹೊಸ ಕಾಂಕ್ರೀಟು ತೀಕ್ಷ್ಣವಾದ ಕ್ಷಾರಗುಣವುಳ್ಳದ್ದು. ಅದರ ಪಿಎಚ್ ಪ್ರಮಾಣ, ಅಂದರೆ ಆಮ್ಲ ಕ್ಷಾರಗಳನ್ನು ಅಳೆಯುವ ಅಂಕ, 12ಕ್ಕಿಂತ ಮೇಲಿರುತ್ತದೆ. ಅಂಥ ಕ್ಷಾರದಲ್ಲಿ ಉಕ್ಕಿನ ಮೇಲೆ ಒಂದು ತೆಳುವಾದ ರಕ್ಷಾಪದರ ಏರ್ಪಟ್ಟು ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡು ಬಿರುಕುಗಳ ಮೂಲಕ ಒಳಗಿಳಿದು ಕ್ಷಾರವನ್ನು ಕುಗ್ಗಿಸಿದಾಗ, ಅಥವಾ ಕಡಲ ಗಾಳಿ ಹೊತ್ತು ತರುವ ಉಪ್ಪು ಕಂಬಿಯನ್ನು ಮುಟ್ಟಿದಾಗ, ಆ ಪದರ ಹರಿದುಹೋಗುತ್ತದೆ. ತಾರಸಿಯ ಹಾಸಿನಲ್ಲಿ ಕಂಬಿಗೂ ಹೊರಮೈಗೂ ನಡುವೆ ಇರುವ ಕಾಂಕ್ರೀಟು ಸಾಮಾನ್ಯವಾಗಿ ಸುಮಾರು 20 ಮಿಲಿಮೀಟರ್, ಒಂದು ಹೆಬ್ಬೆರಳಿನ ಅಗಲದಷ್ಟು, ಎಂಬುದನ್ನು ನೆನೆದರೆ ಈ ಕಾವಲು ಎಷ್ಟು ತೆಳುವೆಂದು ತಿಳಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ. ಹಜಾರದ ತಲೆಯ ಮೇಲಿನ ಗಿಲಾವು ಚಕ್ಕೆಚಕ್ಕೆಯಾಗಿ ಉದುರಿ ಕೆಂಪು ಕಂಬಿಗಳು ಕಾಣತೊಡಗುತ್ತವೆ.

ಆ ಹಂತ ಮುಟ್ಟಿದ ಮೇಲೆ ಖರ್ಚು ಒಮ್ಮೆಲೇ ಹತ್ತಾರು ಪಟ್ಟಾಗುತ್ತದೆ. ಬಿರುಕು ತುಂಬಿಸಿ, ನೀರು ನಿಲ್ಲದಂತೆ ತಾರಸಿಗೆ ಓಟ ಕೊಟ್ಟು, ತೂಬಿನ ಬಾಯಿಯ ಕಸ ತೆಗೆದು, ಕೆಲವು ವರ್ಷಗಳಿಗೊಮ್ಮೆ ಜಲನಿರೋಧಕ ಲೇಪ ಹಚ್ಚುವುದು ಆರೈಕೆ. ಕಂಬಿಯ ತುಕ್ಕನ್ನು ಉಜ್ಜಿ ತೆಗೆದು, ಸವೆದ ಕಂಬಿಗೆ ಹೊಸದನ್ನು ಜೋಡಿಸಿ, ವಿಶೇಷ ಗಾರೆಯಿಂದ ಮರಳಿ ಮುಚ್ಚುವುದು ಪುನರ್ನಿರ್ಮಾಣ. ಮಾರುಕಟ್ಟೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಇನ್ನು ಹಣದ ಲೆಕ್ಕ. ಮನೆಸಾಲ ಕೊಡುವ ಬ್ಯಾಂಕು ಮಾರುವವರ ಮಾತನ್ನಾಗಲಿ ಕೊಳ್ಳುವವರ ಮಾತನ್ನಾಗಲಿ ನಂಬದೆ ತನ್ನದೇ ಮೌಲ್ಯಮಾಪಕರನ್ನು ಕಳುಹಿಸುತ್ತದೆ. ಅವರು ನೆಲಕ್ಕೊಂದು ಬೆಲೆ, ಕಟ್ಟಡಕ್ಕೊಂದು ಬೆಲೆ ಕಟ್ಟಿ ಕೂಡಿಸುತ್ತಾರೆ. ಕಟ್ಟಡದ ಬೆಲೆಗೆ ಸವಕಳಿ ಎಂಬ ಕಡಿತವಿದೆ. ಇಂದು ಅದೇ ಮನೆ ಕಟ್ಟಲು ತಗಲುವ ಖರ್ಚಿನಿಂದ ವಯಸ್ಸಿಗೆ ತಕ್ಕಷ್ಟನ್ನು ಕಳೆಯುವುದೇ ಸವಕಳಿ. ಲೆಕ್ಕ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಮನೆಯನ್ನು ತೆಗೆದುಕೊಳ್ಳಬಹುದು. ಅದು ಒಂದು ಸಾವಿರ ಚದರಡಿಯ ಮನೆ. ಕಟ್ಟಿ 20 ವರ್ಷವಾಗಿದೆ. ಇಂದು ಕಟ್ಟಿದರೆ 20 ಲಕ್ಷ ರೂಪಾಯಿ ಬೇಕು. ಅದರ ಒಟ್ಟು ಆಯಸ್ಸು 60 ವರ್ಷವೆಂದೂ, ಕೊನೆಯಲ್ಲಿ ಉಳಿಯುವ ಅವಶೇಷದ ಬೆಲೆ ನೂರಕ್ಕೆ 10 ಎಂದೂ ಹಿಡಿದರೆ ಸವಕಳಿ ನೂರಕ್ಕೆ 30, ಅಂದರೆ 6 ಲಕ್ಷ. ಕಟ್ಟಡದ ಬೆಲೆ 14 ಲಕ್ಷವಾಯಿತು.

ಅದೇ ಮನೆಯ ಚಾವಣಿಯಲ್ಲಿ ಕಂಬಿಗಳು ಕಾಣುತ್ತಿದ್ದರೆ ಮೌಲ್ಯಮಾಪಕರು ಮನೆಯ ವಯಸ್ಸನ್ನು ಬದಲಾಯಿಸಲಾರರು, ಉಳಿದ ಆಯಸ್ಸನ್ನು ಬದಲಾಯಿಸುತ್ತಾರೆ. 40 ವರ್ಷ ಉಳಿದಿದೆ ಎನ್ನುವ ಬದಲು 25 ಎಂದು ಬರೆದರೆ ಒಟ್ಟು ಆಯಸ್ಸು 45ಕ್ಕೆ ಇಳಿಯುತ್ತದೆ, ಸವಕಳಿ ನೂರಕ್ಕೆ 40ಕ್ಕೆ ಏರುತ್ತದೆ, ಕಟ್ಟಡದ ಬೆಲೆ 12 ಲಕ್ಷಕ್ಕೆ ಬರುತ್ತದೆ. ಎರಡು ಲಕ್ಷ ಹೋಯಿತು. ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ಮಿತಿಯ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಮನೆಸಾಲ ಆಸ್ತಿಯ ಮೌಲ್ಯದ ನೂರಕ್ಕೆ 80ನ್ನು ಮೀರುವಂತಿಲ್ಲ. ನೆಲವೂ ಸೇರಿ 44 ಲಕ್ಷಕ್ಕೆ ಮಾತಾದ ಮನೆಗೆ ಮೌಲ್ಯಮಾಪಕರು 42 ಲಕ್ಷ ಎಂದು ಬರೆದರೆ, ಕೊಳ್ಳುವವರು ಸುಮಾರು ಒಂದೂವರೆ ಲಕ್ಷವನ್ನು ಸಾಲದ ಹೊರಗೆ ಸ್ವಂತವಾಗಿ ಹೊಂದಿಸಬೇಕಾಗುತ್ತದೆ. ಉಳಿದ ಆಯಸ್ಸು ಕಡಿಮೆಯೆಂದು ಬರೆದ ಮನೆಗೆ ಸಾಲದ ಅವಧಿಯನ್ನೂ ಬ್ಯಾಂಕು ಮೊಟಕುಗೊಳಿಸಬಹುದು. ಆಗ ತಿಂಗಳ ಕಂತು ಹಿಗ್ಗುತ್ತದೆ. ಸಾಲ ಮಾಡಿ ಕೊಳ್ಳುವವರು ಹಿಂದೆ ಸರಿದ ಮೇಲೆ ಉಳಿಯುವವರು ಕೈಯಲ್ಲಿ ನಗದು ಇಟ್ಟುಕೊಂಡು ಚೌಕಾಸಿಗೆ ಕೂರುವವರು, ಮತ್ತು ಅವರಿಗೆ ಅವಸರವಿರುವುದಿಲ್ಲ.

ಸವಕಳಿಯ ಈ ಲೆಕ್ಕ ಎಲ್ಲೆಡೆ ಒಂದೇ ಭಾರದಿಂದ ಬೀಳುತ್ತದೆ ಎಂದುಕೊಳ್ಳಬಾರದು. ಕಲ್ಪಿತ ಮನೆಯ ನೆಲದ ಬೆಲೆ 30 ಲಕ್ಷವಾದರೆ ಎರಡು ಲಕ್ಷದ ನಷ್ಟ ಒಟ್ಟು ಬೆಲೆಯಲ್ಲಿ ನೂರಕ್ಕೆ ನಾಲ್ಕೂವರೆಯಷ್ಟಾಗುತ್ತದೆ. ನೆಲದ ಬೆಲೆ ಒಂದೂವರೆ ಕೋಟಿಯಾದರೆ ಅದೇ ನಷ್ಟ ನೂರಕ್ಕೆ ಒಂದನ್ನು ಸ್ವಲ್ಪ ದಾಟುತ್ತದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮದ್ರಾಸ್ ತಾರಸಿಯ ಹಳೆಯ ಮನೆಗಳು ಮಾಯವಾಗುತ್ತಿರುವುದಕ್ಕೆ ಕಾರಣವನ್ನು ಈ ಎರಡು ಅಂಕಿಗಳಲ್ಲೇ ಕಾಣಬಹುದು. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆದು, ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಕಾಂಕ್ರೀಟನ್ನು ಬಡಿದು ಕೂರಿಸುತ್ತಿದ್ದ ಆ ತಾರಸಿ ಚೆನ್ನಾಗಿ ನೋಡಿಕೊಂಡರೆ ಕೆಲವು ತಲೆಮಾರುಗಳಿಗೆ ಬಾಳುತ್ತದೆ. ಆದರೂ ಅಂಥ ಬಡಾವಣೆಯಲ್ಲಿ ನಿವೇಶನ ಕೊಳ್ಳುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದ್ದರಿಂದ ಚಾವಣಿಗೆ ಖರ್ಚು ಮಾಡಿದ ಹಣ ಕ್ರಯದಲ್ಲಿ ಮರಳಿ ಬರುತ್ತದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಊರಿನಿಂದ ಊರಿಗೆ ಬೇರೆ. ನೆಲ ಅಗ್ಗವಾಗಿರುವ ಸಣ್ಣ ಪಟ್ಟಣಗಳಲ್ಲಿ, ಮನೆಯನ್ನು ವಾಸಕ್ಕೆಂದೇ ಕೊಳ್ಳುವ ಮಲೆನಾಡಿನ ಹಳ್ಳಿಗಳಲ್ಲಿ, ನೆಲದ ಪಾಲು ಹಲವರಲ್ಲಿ ಹಂಚಿಹೋಗಿರುವ ಬಹುಮಹಡಿ ವಸತಿಗಳಲ್ಲಿ ಚಾವಣಿ ಬೆಲೆಯನ್ನು ನಿರ್ಧರಿಸುತ್ತದೆ. ಚಿನ್ನದ ಬೆಲೆಯ ನೆಲದ ಮೇಲೆ ಅದು ಕೆಡವುವವರ ತಲೆನೋವು ಮಾತ್ರ.

ಮೌಲ್ಯಮಾಪಕರ ಕಡಿತವನ್ನೂ ಅದು ಎಲ್ಲಿ ಹೆಚ್ಚು ತಟ್ಟುತ್ತದೆ ಎಂಬುದನ್ನೂ ಕೇಳುಗರು ಗಮನಿಸಿದ್ದಾರೆ. ಕೊಳ್ಳುವವರು ಮಾಡುವ ಕಡಿತ ಅದಕ್ಕಿಂತ ದೊಡ್ಡದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. ಮಾರುವವನಿಗೆ ವಸ್ತುವಿನ ದೋಷ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಪ್ರತಿಯೊಂದು ವಸ್ತುವನ್ನೂ ದೋಷವಿರಬಹುದು ಎಂಬ ಲೆಕ್ಕದಲ್ಲೇ ಬೆಲೆ ಕಟ್ಟುತ್ತಾನೆ. ಆಗ ಒಳ್ಳೆಯ ವಸ್ತು ಇಟ್ಟುಕೊಂಡವನಿಗೂ ನ್ಯಾಯವಾದ ಬೆಲೆ ಸಿಗುವುದಿಲ್ಲ ಎಂಬುದು ಅದರ ಸಾರ. 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಹಳೆಯ ಮನೆಯ ಚಾವಣಿಗೆ ಈ ಮಾತು ಹಳೆಯ ಕಾರಿಗಿಂತಲೂ ಚೆನ್ನಾಗಿ ಒಪ್ಪುತ್ತದೆ.

ಹಜಾರದ ಮೂಲೆಯಲ್ಲಿ ಅಂಗೈಯಗಲದ ಕಂದು ಕಲೆ ಇದೆ ಎಂದುಕೊಳ್ಳೋಣ. ಅದು ಮೇಲಿನ ನೀರಿನ ತೊಟ್ಟಿ ಒಮ್ಮೆ ತುಂಬಿ ಚೆಲ್ಲಿದ್ದರ ಗುರುತಾಗಿರಬಹುದು, ಅಥವಾ ಹಾಸಿನ ಉದ್ದಕ್ಕೂ ಬಿರಿದ ಸೀಳಿನ ತುದಿಯಾಗಿರಬಹುದು. ಮಾರುವವರಿಗೆ ಯಾವುದೆಂದು ಗೊತ್ತು. ಕೊಳ್ಳುವವರಿಗೆ ಗೊತ್ತಿಲ್ಲ, ಮತ್ತು ಮಾರುವವರು ಹೇಳಿದರೂ ನಂಬಲು ಆಧಾರವಿಲ್ಲ. ಅವರು ದೊಡ್ಡ ದುರಸ್ತಿಯ ಖರ್ಚನ್ನೇ ಕಳೆಯುತ್ತಾರೆ, ಅದರ ಮೇಲೆ ತಮ್ಮ ತೊಂದರೆಗೆಂದು ಇನ್ನಷ್ಟು ಕಳೆಯುತ್ತಾರೆ. ಸುಣ್ಣಬಣ್ಣದಿಂದ ಈ ಅನುಮಾನ ತೀರುವುದಿಲ್ಲ. ಮನೆಯೆಲ್ಲ ಮಾಸಿರುವಾಗ ಒಂದು ಕೋಣೆಯ ತಲೆಯ ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದರೆ ಅದು ಕಲೆಗಿಂತ ಜೋರಾಗಿ ಮಾತನಾಡುತ್ತದೆ. ಹೊಸದಾಗಿ ಹೊಡೆಸಿದ ಜಿಪ್ಸಮ್ ಫಾಲ್ಸ್ ಸೀಲಿಂಗ್ ಕೂಡ ಹಾಗೆಯೇ. ಅಂದಕ್ಕೆ ಹಾಕಿಸಿದ್ದಾದರೂ ಅದರ ಹಿಂದೆ ಏನಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅನುಮಾನಕ್ಕೆ ಮದ್ದು ದಾಖಲೆ. ತಾರಸಿಗೆ ಯಾವ ವರ್ಷ ಏನು ಮಾಡಿಸಲಾಯಿತು ಎಂಬ ಬಿಲ್ಲುಗಳು, ಕೆಲಸದ ಮುಂಚಿನ ಮತ್ತು ನಂತರದ ಚಿತ್ರಗಳು, ಲೇಪ ಹಚ್ಚಿದವರು ಕೊಟ್ಟ ಖಾತರಿ ಪತ್ರ ಇವು ಒಂದು ಕಡತದಲ್ಲಿದ್ದರೆ ಮಾರುವವರ ಮಾತಿಗೆ ಬೆಂಬಲ ಸಿಗುತ್ತದೆ. ಇದಕ್ಕಿಂತ ನೇರವಾದ ಉಪಾಯ ನೀರು ನಿಲ್ಲಿಸಿ ನೋಡುವುದು. ತೂಬುಗಳನ್ನು ಮುಚ್ಚಿ, ತಾರಸಿಯ ಮೇಲೆ ಎರಡು ಬೆರಳಿನಷ್ಟು ನೀರು ಕಟ್ಟಿ, ಎರಡು ಮೂರು ದಿನ ಬಿಟ್ಟು ಕೆಳಗಿನ ಮೈಯನ್ನು ಪರೀಕ್ಷಿಸುತ್ತಾರೆ. ಹೊಸ ತಾರಸಿಗೆ ಗುತ್ತಿಗೆದಾರರು ಮಾಡುವ ಈ ಪರೀಕ್ಷೆಯನ್ನು ಹಳೆಯ ಮನೆ ಮಾರುವವರು ತಾವೇ ಮುಂದಾಗಿ ಮಾಡಿ ತೋರಿಸುವುದು ಬಹಳ ಅಪರೂಪ; ತೋರಿಸಿದವರ ಜೊತೆ ಬೆಲೆಯ ಮಾತು ಬೇಗ ಮುಗಿಯುತ್ತದೆ. ಆದಾಯ ತೆರಿಗೆಗೆ ಸಂಬಂಧಿಸಿದ ಒಂದು ಸಣ್ಣ ಮಾತನ್ನೂ ಇಲ್ಲಿ ಸೇರಿಸಬಹುದು. ಮಾರಾಟದ ಲಾಭದ ಮೇಲೆ ತೆರಿಗೆ ಲೆಕ್ಕ ಹಾಕುವಾಗ ದಿನನಿತ್ಯದ ದುರಸ್ತಿಯ ಖರ್ಚನ್ನು ಕಳೆಯಲು ಬರುವುದಿಲ್ಲ, ಆದರೆ ಹಳೆಯ ಮಾಡನ್ನು ಕೆಡವಿ ಹೊಸದನ್ನೇ ಕಟ್ಟಿಸಿದಂಥ ಬಂಡವಾಳದ ಖರ್ಚು ಅಭಿವೃದ್ಧಿಯ ವೆಚ್ಚವಾಗಿ ಪರಿಗಣಿತವಾಗಬಹುದು. ಅದಕ್ಕೂ ಬಿಲ್ಲೇ ಆಧಾರ.

ದಾಖಲೆಯಿಂದ ಅನುಮಾನ ಕರಗುತ್ತದೆ ಎಂದಾಯಿತು. ದೋಷವನ್ನು ಹೇಳದೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾನೂನು ಉತ್ತರ ಕೊಡುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಪ್ರಕರಣದ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಮತ್ತು ಅವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಕೊಳ್ಳಲಾರದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ಇಲ್ಲಿ ಎರಡು ಬಗೆಯ ದೋಷಗಳ ನಡುವೆ ಗೆರೆ ಎಳೆಯಲಾಗಿದೆ. ಉದುರಿದ ಗಿಲಾವು ಎದ್ದು ಕಾಣುವ ದೋಷ. ಅದನ್ನು ನೋಡಿಕೊಳ್ಳುವುದು ಕೊಳ್ಳುವವರ ಹೊಣೆ. ಬಣ್ಣದ ಹಿಂದೆ ಅಡಗಿಸಿದ ಬಿರುಕು ಗುಪ್ತ ದೋಷ. ಅದನ್ನು ಹೇಳುವುದು ಮಾರುವವರ ಹೊಣೆ. ಹೇಳದೆ ಬಿಡುವುದು ವಂಚನೆಗೆ ಸಮಾನವೆಂದು ಅದೇ ಪ್ರಕರಣ ಹೇಳುತ್ತದೆ. ಸೋರುವ ಜಾಗಕ್ಕೆ ಬಣ್ಣ ಬಳಿದು ಕ್ರಯಪತ್ರ ಬರೆಸಿಕೊಟ್ಟವರು ಬೆಲೆಯಲ್ಲಿ ಉಳಿಸಿದ್ದನ್ನು ನ್ಯಾಯಾಲಯದ ಓಡಾಟದಲ್ಲಿ ಕಳೆಯುವ ಸಾಧ್ಯತೆ ಇದ್ದೇ ಇದೆ.

ಕಾಲದ ಪ್ರಶ್ನೆಯೂ ಒಂದಿದೆ. ಕರ್ನಾಟಕದಲ್ಲಿ ಆಷಾಢ ಮಾಸದಲ್ಲಿ ಮನೆ ಕೊಳ್ಳುವುದು, ಗೃಹಪ್ರವೇಶ ಮಾಡುವುದು ಬೇಡವೆಂದು ಬಹಳ ಜನ ತಡೆಯುತ್ತಾರೆ. ಮುಂಗಾರಿನ ಜಡಿಮಳೆ ಸುರಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮಳೆ ಚಾವಣಿಯನ್ನು ಪರೀಕ್ಷಿಸುತ್ತಿರುವಾಗ ಗಿರಾಕಿಗಳು ಮನೆಯಲ್ಲೇ ಕೂರುತ್ತಾರೆ, ಶ್ರಾವಣ ಬಂದ ಮೇಲೆ ಹೊರಡುತ್ತಾರೆ. ಮೇಲ್ನೋಟಕ್ಕೆ ಇದು ಮಾರುವವರಿಗೆ ಅನುಕೂಲವೆಂದು ತೋರಬಹುದು. ವಾಸ್ತವದಲ್ಲಿ ಶ್ರಾವಣದ ಹೊತ್ತಿಗೆ ಕಲೆಗಳು ಇನ್ನೂ ಆರಿರುವುದಿಲ್ಲ, ಗೋಡೆಯ ತಲೆಭಾಗದಲ್ಲಿ ಬಿಳಿಯ ಉಪ್ಪು ಎದ್ದಿರುತ್ತದೆ, ಬಾಗಿಲು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ, ಮತ್ತು ಹಸಿ ತಾರಸಿಗೆ ಲೇಪ ಹಿಡಿಯದ ಕಾರಣ ದುರಸ್ತಿಗೂ ಸಮಯವಿರುವುದಿಲ್ಲ. ಅಕ್ಷಯ ತೃತೀಯದ ಸುಮಾರಿಗೆ, ಬೇಸಿಗೆಯ ಬಿಸಿಲಿನಲ್ಲಿ ಎಲ್ಲವೂ ಒಣಗಿರುವಾಗ ಮನೆ ತೋರಿಸುವ ದಲ್ಲಾಳಿಗಳ ಜಾಣತನ ಇದರಿಂದ ತಿಳಿಯುತ್ತದೆ. ಕೊಳ್ಳುವವರ ಜಾಣತನ, ಬೇಸಿಗೆಯಲ್ಲಿ ಮೆಚ್ಚಿದ ಮನೆಯನ್ನು ಮೃಗಶಿರಾ ಮಳೆ ಮುಗಿಯುವಷ್ಟರಲ್ಲಿ ಇನ್ನೊಮ್ಮೆ ನೋಡಿ ಬಂದು ಮುಂಗಡ ಕೊಡುವುದರಲ್ಲಿದೆ.

ಈವರೆಗೆ ಚಾವಣಿಯ ಹಾಳು, ಅದರ ಲೆಕ್ಕ, ಅದರ ಅನುಮಾನ, ಅದರ ಕಾಲ ಇವುಗಳನ್ನು ನೋಡಲಾಯಿತು. ಕಳೆದ ಕೆಲವು ದಶಕಗಳಲ್ಲಿ ಕರಾವಳಿ ಮತ್ತು ಮಲೆನಾಡಿನಲ್ಲಿ ಕಾಣಿಸಿಕೊಂಡಿರುವ ಒಂದು ವಿಶೇಷ ಪರಿಹಾರವನ್ನು ಈ ಬೆಳಕಿನಲ್ಲಿ ಗಮನಿಸಬೇಕು. ಹೆಂಚಿನ ಮಾಡು ತೆಗೆದು ಕಾಂಕ್ರೀಟಿನ ತಾರಸಿ ಹಾಕಿಸಿದ ಮನೆಗಳು ಕೆಲವೇ ಮಳೆಗಾಲಗಳಲ್ಲಿ ಜಿನುಗತೊಡಗಿದಾಗ, ಮಾಲೀಕರು ಆ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು, ಇಳಿಜಾರಿನ ಚೌಕಟ್ಟು ಕಟ್ಟಿ, ತಗಡು ಅಥವಾ ಮತ್ತೆ ಅದೇ ಹೆಂಚು ಹೊದಿಸಿದರು. ಒಂದು ಮನೆಗೆ ಎರಡು ಚಾವಣಿಗಳಾದವು. ನೀರು ತಾರಸಿಯನ್ನು ಮುಟ್ಟುವುದು ತಪ್ಪಿತು, ಕೆಳಗಿನ ಕೋಣೆಗಳ ಕಾವು ಇಳಿಯಿತು, ಅಡಕೆ ಹರಡಲು, ಬಟ್ಟೆ ಒಣಗಿಸಲು ಜಾಗ ದೊರೆಯಿತು. ಹಿರಿಯರು ಇಳಿಜಾರನ್ನು ಏಕೆ ಆರಿಸಿದ್ದರು ಎಂಬ ಪಾಠ ದುಬಾರಿ ಶುಲ್ಕ ತೆತ್ತು ಮರಳಿ ಕಲಿತದ್ದಾಯಿತು.

ಇಂಥ ಮನೆ ಮಾರಾಟಕ್ಕೆ ಬಂದಾಗ ಮೇಲಿನ ಮಾಡನ್ನು ಇಬ್ಬರು ಎರಡು ರೀತಿ ಓದುತ್ತಾರೆ. ಕೃಷಿಕ ಗಿರಾಕಿಗೆ ಅದೊಂದು ಹೆಚ್ಚುವರಿ ಅಂಗಳ. ಅದಕ್ಕೆ ಬೆಲೆ ಕೊಡಲು ಅವನು ಸಿದ್ಧ. ಪಟ್ಟಣದಿಂದ ಬಂದ ಗಿರಾಕಿಗೆ ಅದು ಕೆಳಗಿನ ಹಾಸು ಸೋರುತ್ತಿತ್ತು ಎಂಬುದರ ತಪ್ಪೊಪ್ಪಿಗೆ. ಇಬ್ಬರಲ್ಲಿ ಯಾರು ಸರಿ ಎಂಬುದು ಮಾಡು ಹಾಕಿಸಿದ ಕಾಲವನ್ನು ಅವಲಂಬಿಸಿದೆ. ಮನೆ ಕಟ್ಟಿದ ಮರುವರ್ಷವೇ ಮುನ್ನೆಚ್ಚರಿಕೆಯಾಗಿ ಹೊದಿಸಿದ್ದರೆ ಕೆಳಗಿನ ಕಂಬಿಗಳು ಗಟ್ಟಿಯಾಗಿರುತ್ತವೆ. ಹತ್ತು ವರ್ಷ ಸೋರಿದ ಮೇಲೆ ಹೊದಿಸಿದ್ದರೆ ಸೋರಿಕೆ ನಿಂತರೂ ಒಳಗೆ ಹಿಡಿದ ತುಕ್ಕು ಬಿಟ್ಟುಹೋಗುವುದಿಲ್ಲ. ಇಲ್ಲಿಯೂ ಹಳೆಯ ಬಿಲ್ಲಿನ ಮೇಲಿನ ತಾರೀಖು ಲಕ್ಷಾಂತರ ರೂಪಾಯಿಯ ಮಾತಾಗುತ್ತದೆ. ಮಾಡಿನ ಚೌಕಟ್ಟನ್ನು ನಿಲ್ಲಿಸಲು, ಸೌರ ಫಲಕಗಳನ್ನು ಕೂರಿಸಲು ತಾರಸಿಗೆ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚದಿದ್ದರೆ ರಕ್ಷಣೆಯ ಹೆಸರಿನಲ್ಲೇ ಹೊಸ ಸೋರಿಕೆ ಹುಟ್ಟುತ್ತದೆ ಎಂಬುದನ್ನೂ ಮರೆಯಬಾರದು.

ಬಹುಮಹಡಿ ವಸತಿಗಳ ವಿಷಯ ಚಿಕ್ಕದಾದರೂ ಬಿಡುವಂತಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಅಡಿಯಲ್ಲಿ ಚಾವಣಿ ಎಲ್ಲ ಒಡೆಯರಿಗೂ ಸೇರಿದ ಸಾಮಾನ್ಯ ಭಾಗ. ಅದು ಸೋರಿದರೆ ತೊಯ್ಯುವುದು ಮೇಲಿನ ಅಂತಸ್ತಿನವರು ಮಾತ್ರ, ಹಣ ಕೂಡಿಸಬೇಕಾದವರು ಎಲ್ಲರೂ. ಈ ಎರಡರ ನಡುವಿನ ಅಂತರದಲ್ಲಿ ಸಂಘದ ಸಭೆಗಳು ಮುಂದಕ್ಕೆ ಹೋಗುತ್ತವೆ. ಮೇಲಿನ ಅಂತಸ್ತಿನ ಮನೆ ಮಾರುವವರು ತಮ್ಮ ಗೋಡೆಗಳ ಅಂದಕ್ಕಿಂತ ಸಂಘದ ನಡಾವಳಿ ಪುಸ್ತಕದಲ್ಲಿ ಚಾವಣಿಯ ದುರಸ್ತಿಗೆ ಮೀಸಲು ನಿಧಿ ಇದೆಯೆಂಬ ಪುಟವನ್ನು ತೋರಿಸಬಲ್ಲವರಾದರೆ ಹೆಚ್ಚು ಪ್ರಯೋಜನ. ಹೊಸ ಕಟ್ಟಡವಾದರೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ನೆರವಿಗೆ ಬರುತ್ತದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯ ಅಥವಾ ಕೆಲಸದ ಗುಣಮಟ್ಟದ ದೋಷ ಕಂಡುಬಂದರೆ ಕಟ್ಟಿದವರು 30 ದಿನಗಳಲ್ಲಿ ಬೇರೆ ಹಣ ಕೇಳದೆ ಸರಿಪಡಿಸಬೇಕೆಂದು ಅದು ವಿಧಿಸುತ್ತದೆ. ಆ ಅವಧಿ ಉಳಿದಿರುವಾಗ ಲಿಖಿತ ದೂರು ಕೊಡದೆ ಸುಮ್ಮನಿದ್ದವರು ಆರನೆಯ ವರ್ಷ ಮಾರಲು ಹೊರಟಾಗ ಆ ದೋಷದ ಖರ್ಚನ್ನು ತಾವೇ ಬೆಲೆಯಲ್ಲಿ ಇಳಿಸಿಕೊಡಬೇಕಾಗುತ್ತದೆ.

ಕೊನೆಯದಾಗಿ, ಆರೈಕೆ ಪೂರ್ತಿ ತಪ್ಪಿದ ಮನೆಗಳಿಗೂ ಒಂದು ಮಾರುಕಟ್ಟೆ ಇದೆ. ಕುಸಿಯುವ ಹಂತಕ್ಕೆ ಬಂದ ದೊಡ್ಡ ಹೆಂಚಿನ ಮನೆಗಳನ್ನು ಮನೆಯಾಗಿ ಯಾರೂ ಕೊಳ್ಳುವುದಿಲ್ಲ, ಬಿಚ್ಚಿ ಬಿಡಿಬಿಡಿಯಾಗಿ ಕೊಳ್ಳುತ್ತಾರೆ. ತೇಗದ ಬಾಗಿಲು ಒಂದು ಲಾರಿಗೆ, ಹಲಸಿನ ಕಂಬ ಇನ್ನೊಂದು ಲಾರಿಗೆ ಏರುತ್ತವೆ. ಹಳೆಯ ಮಂಗಳೂರು ಹೆಂಚುಗಳನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿ, ರೆಸಾರ್ಟು ಕಟ್ಟುವವರಿಗೆ ಎಣಿಕೆಯ ಲೆಕ್ಕದಲ್ಲಿ ಮಾರುತ್ತಾರೆ. ಕೊಳ್ಳುವವರು ಒಂದೊಂದನ್ನೂ ಕೈಗೆತ್ತಿಕೊಂಡು ಬೆರಳಗಂಟಿನಿಂದ ತಟ್ಟಿ ನೋಡುತ್ತಾರೆ. ವರ್ಷವರ್ಷವೂ ಹಾವಸೆ ಕೆರೆಸಿಕೊಂಡು ಒಣಗಿದ್ದ ಹೆಂಚು ಕಂಚಿನಂತೆ ಠಣ್ ಎನ್ನುತ್ತದೆ. ಅದು ಆಯ್ಕೆಯ ರಾಶಿಗೆ ಹೋಗುತ್ತದೆ. ನೀರು ಕುಡಿದು ಕುಡಿದು ಮೆದುವಾದ ಹೆಂಚು ಬೊದ್ದು ಸದ್ದು ಮಾಡುತ್ತದೆ. ಅದನ್ನು ಅಲ್ಲೇ ಬೇಲಿಯ ಬುಡಕ್ಕೆ ಎಸೆಯುತ್ತಾರೆ.